ಮ್ಯಾನೇಜರ್ ಪ್ರತಿ ಸಲ ರಜೆ ರಿಜೆಕ್ಟ್ ಮಾಡುತ್ತಿದ್ದರೆ ಏನು ಮಾಡಬೇಕು?

"ಈ ರಿಲೀಸ್ ಒಂದು ಮುಗೀಲಿ, ಆಮೇಲೆ ನೋಡೋಣ." ಬೆಂಗಳೂರಿನ ಆಫೀಸುಗಳಲ್ಲಿ ಈ ಮಾತು ಕೇಳದವರು ಸಿಗುವುದು ಕಷ್ಟ. ಆ ರಿಲೀಸ್ (ಸಾಫ್ಟ್‌ವೇರ್‌ನ ಹೊಸ ಆವೃತ್ತಿಯ ಬಿಡುಗಡೆ) ಮುಗಿಯುತ್ತದೆ, ಇನ್ನೊಂದು ಶುರುವಾಗುತ್ತದೆ. ಗೌರಿ ಹಬ್ಬಕ್ಕೆ ಕೇಳಿದ ರಜೆ ದಸರಾಕ್ಕೆ ಹೋಗುತ್ತದೆ, ದಸರಾದ್ದು ದೀಪಾವಳಿಗೆ, ಡಿಸೆಂಬರ್‌ನಲ್ಲಿ ಕೇಳಿದರೆ "ಇಯರ್ ಎಂಡ್ ಅಲ್ವಾ" ಅನ್ನುತ್ತಾರೆ. ಕೊನೆಗೆ ರಜೆಯ ಪೋರ್ಟಲ್ ತೆಗೆದು ನೋಡಿದರೆ ಇ.ಎಲ್. (ಗಳಿಕೆ ರಜೆ) ಹಾಗೇ ಕೂತಿರುತ್ತದೆ, ಅದರಲ್ಲಿ ಒಂದಷ್ಟು ಲ್ಯಾಪ್ಸ್ ಆಗುವ, ಅಂದರೆ ಬಳಸದೇ ರದ್ದಾಗುವ ಹಂತದಲ್ಲಿರುತ್ತದೆ.

ಮುಂದೆ ಹೋಗುವ ಮೊದಲು ಒಂದು ವಿಷಯ ತಲೆಯಲ್ಲಿರಲಿ. ನೀವು ಕೇಳಿದ ದಿನವೇ ರಜೆ ಕೊಡಬೇಕು ಅಂತ ಇಲ್ಲ. ಕೆಲಸದ ಕಾರಣಕ್ಕೆ ತಾರೀಕು ಆಚೆ ಈಚೆ ಮಾಡುವ ಹಕ್ಕು ಕಂಪನಿಗೆ ಇದೆ. ಆದರೆ ನೀವು ದುಡಿದು ಗಳಿಸಿದ ರಜೆಯನ್ನು ಕೊಡದೇ ನುಂಗಿ ಹಾಕುವ ಹಕ್ಕು ಯಾರಿಗೂ ಇಲ್ಲ. ಯಾವಾಗ ಅನ್ನುವುದು ಅವರ ಕೈಯಲ್ಲಿದೆ, ಕೊಡುವುದೋ ಬೇಡವೋ ಅನ್ನುವುದು ಅವರ ಕೈಯಲ್ಲಿಲ್ಲ. ಹಾಗಾಗಿ "ರಜೆ ಕೊಡ್ತೀರಾ?" ಅಂತ ಕೇಳುವುದನ್ನೇ ಬಿಡಿ. "ಯಾವ ವಾರ ತಗೊಳ್ಳಲಿ?" ಅಂತ ಕೇಳಿ, ಅದನ್ನೂ ಬರವಣಿಗೆಯಲ್ಲಿ ಕೇಳಿ. ಕೆಳಗೆ ಬರೆದಿರುವುದೆಲ್ಲ ಈ ಒಂದು ಮಾತಿನ ವಿಸ್ತರಣೆ ಅಷ್ಟೇ.

ಮೊದಲು ನಿಮ್ಮ ಲೆಕ್ಕ ಸರಿ ಮಾಡಿಕೊಳ್ಳಿ

ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್ ಮತ್ತು ಕಂಪನಿಯ ಲೀವ್ ಪಾಲಿಸಿ ಹುಡುಕಿ ತೆಗೆಯಿರಿ. ಸೇರಿದ ದಿನ ಸಹಿ ಹಾಕಿದ ಮೇಲೆ ಅದನ್ನು ಮತ್ತೆ ತೆರೆದು ಓದಿದವರು ಕಡಿಮೆ. ರಜೆಗೆ ಎಷ್ಟು ದಿನ ಮುಂಚೆ ಹೇಳಬೇಕು ಅಂತ ಬರೆದಿದೆ ನೋಡಿ. ಎಷ್ಟು ದಿನ ಮುಂದಿನ ವರ್ಷಕ್ಕೆ ಹೋಗುತ್ತದೆ, ಎಷ್ಟು ಎನ್‌ಕ್ಯಾಶ್ ಆಗುತ್ತದೆ (ರಜೆಗೆ ಬದಲು ದುಡ್ಡು ಸಿಗುತ್ತದೆ), ಯಾವ ತಾರೀಕಿಗೆ ಲ್ಯಾಪ್ಸ್ ಆಗುತ್ತದೆ ಅನ್ನುವುದನ್ನೂ ನೋಡಿ. ಕೆಲವು ಕಡೆ ಡಿಸೆಂಬರ್ 31, ಕೆಲವು ಕಡೆ ಮಾರ್ಚ್ 31. ಸ್ಯಾಂಡ್‌ವಿಚ್ ರೂಲ್ ಇದೆಯಾ ಅಂತಲೂ ತಿಳಿದುಕೊಳ್ಳಿ. ಅದಿದ್ದರೆ ಶುಕ್ರವಾರ ಮತ್ತು ಸೋಮವಾರ ರಜೆ ಹಾಕಿದಾಗ ನಡುವಿನ ಶನಿವಾರ, ಭಾನುವಾರವೂ ನಿಮ್ಮ ಲೆಕ್ಕದಿಂದ ಹೋಗುತ್ತದೆ.

ಪೋರ್ಟಲ್‌ನಲ್ಲಿ ಬ್ಯಾಲೆನ್ಸ್ ತೋರಿಸುವ ಪುಟದ ಒಂದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಇಲ್ಲಿಯವರೆಗೆ ರಿಜೆಕ್ಟ್ ಆದ ರಜೆಗಳದ್ದೂ ಇಟ್ಟುಕೊಳ್ಳಿ. ಆದರೆ ಕ್ಲೈಂಟ್ ವಿಷಯ ಇರುವ ಮೇಲ್‌ಗಳನ್ನೆಲ್ಲ ಸ್ವಂತ ಜಿಮೇಲ್‌ಗೆ ಫಾರ್ವರ್ಡ್ ಮಾಡಲು ಹೋಗಬೇಡಿ. ರಜೆ ಕೇಳಲು ಹೋಗಿ ಡೇಟಾ ಪಾಲಿಸಿ ಉಲ್ಲಂಘನೆ ಅಂತ ಇನ್ನೊಂದು ಕೇಸ್ ತಲೆ ಮೇಲೆ ಬಂದೀತು.

ಇನ್ನು ಕಾನೂನು. ಕರ್ನಾಟಕದಲ್ಲಿ ಅಂಗಡಿ, ಹೋಟೆಲ್, ಖಾಸಗಿ ಆಫೀಸು, ಐಟಿ ಕಂಪನಿ ಎಲ್ಲಕ್ಕೂ ಅನ್ವಯಿಸುವುದು 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದರ ಪ್ರಕಾರ 20 ದಿನ ಕೆಲಸ ಮಾಡಿದರೆ 1 ದಿನ ಸಂಬಳ ಸಹಿತ ರಜೆ. ಅದಲ್ಲದೆ ವರ್ಷಕ್ಕೆ 12 ದಿನ ಸಿಕ್ ಲೀವ್. ಗಳಿಕೆ ರಜೆಯನ್ನು ಮುಂದಿನ ವರ್ಷಕ್ಕೆ ಒಯ್ಯುವ ಮಿತಿ ಮೊದಲು 30 ದಿನ ಇತ್ತು, ಆಮೇಲೆ ತಿದ್ದುಪಡಿ ಮಾಡಿ 45ಕ್ಕೆ ಏರಿಸಿದರು. ಇದರ ಮೇಲೆ 2025ರ ನವೆಂಬರ್ 21ರಿಂದ ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅದರಲ್ಲಿ ನಮಗೆ ಬೇಕಾದ್ದು ಔದ್ಯೋಗಿಕ ಸುರಕ್ಷತೆಯ ಸಂಹಿತೆಯ 32ನೇ ಸೆಕ್ಷನ್. ವರ್ಷದಲ್ಲಿ 180 ದಿನ ಕೆಲಸ ಮಾಡಿದರೆ ಸಾಕು, ರಜೆಯ ಹಕ್ಕು ಬರುತ್ತದೆ (ಹಳೆಯ ಕಾರ್ಖಾನೆ ಕಾಯ್ದೆಯಲ್ಲಿ ಇದು 240 ದಿನ ಇತ್ತು). ಸಾಮಾನ್ಯವಾಗಿ 30 ದಿನದವರೆಗೆ ಮುಂದಕ್ಕೆ ಒಯ್ಯಬಹುದು. ಆದರೆ ನೀವು ಅರ್ಜಿ ಹಾಕಿ ಅವರು ಕೊಡದೇ ಇದ್ದ ರಜೆಗೆ ಆ ಮಿತಿಯೇ ಇಲ್ಲ, ಅದು ಎಷ್ಟಿದ್ದರೂ ಮುಂದಕ್ಕೆ ಹೋಗುತ್ತದೆ.

ಆ ಕೊನೆಯ ವಾಕ್ಯ ಇನ್ನೊಮ್ಮೆ ಓದಿ. ನೀವು ಅರ್ಜಿ ಹಾಕಿರಬೇಕು. ಕ್ಯಾಂಟೀನ್‌ನಲ್ಲಿ ಬಾಯಿ ಮಾತಲ್ಲಿ ಕೇಳಿ, ಬಾಯಿ ಮಾತಲ್ಲೇ "ಇಲ್ಲ" ಅನ್ನಿಸಿಕೊಂಡ ರಜೆ ಲೆಕ್ಕಕ್ಕೆ ಬರುವುದಿಲ್ಲ. ಈ ಸಂಹಿತೆಯ ರಜೆ ಸಿಗುವುದು ಕಾನೂನಿನ ಅರ್ಥದಲ್ಲಿ "ಕೆಲಸಗಾರ" ಆದವರಿಗೆ. ಮ್ಯಾನೇಜರ್ ದರ್ಜೆಯವರು ಅದರಲ್ಲಿ ಬರುವುದಿಲ್ಲ. ತಿಂಗಳಿಗೆ 18,000ಕ್ಕಿಂತ ಜಾಸ್ತಿ ಸಂಬಳದ ಮೇಲ್ವಿಚಾರಕರೂ ಬರುವುದಿಲ್ಲ. ನಿಮ್ಮ ಡೆಸಿಗ್ನೇಶನ್‌ನಲ್ಲಿ "ಲೀಡ್" ಅಂತ ಇದ್ದ ಮಾತ್ರಕ್ಕೆ ಹೆದರಬೇಡಿ, ನೀವು ದಿನಾ ನಿಜವಾಗಿ ಮಾಡುವ ಕೆಲಸ ಏನು ಅನ್ನುವುದು ಮುಖ್ಯ.

"ಇಲ್ಲ" ಅನ್ನುವುದರ ಹಿಂದೆ ಏನಿದೆ?

ಎಲ್ಲ ಮ್ಯಾನೇಜರ್‌ಗಳೂ ರಾಕ್ಷಸರಲ್ಲ. ತುಂಬಾ ಸಲ ನಿಮ್ಮ ಕೆಲಸ ನಿಮಗೆ ಬಿಟ್ಟು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ, ನೀವು ಹೋದರೆ ಕ್ಲೈಂಟ್ ಕಾಲ್‌ನಲ್ಲಿ ಬೈಸಿಕೊಳ್ಳುವವರು ಅವರೇ, ಆ ಭಯಕ್ಕೆ "ಇಲ್ಲ" ಅನ್ನುತ್ತಾರೆ. ಅಮೆರಿಕದ ಕ್ಲೈಂಟ್ ಇರುವ ಪ್ರಾಜೆಕ್ಟ್‌ಗಳಲ್ಲಿ ಇನ್ನೊಂದು ತಲೆನೋವು ಇದೆ. ನಮ್ಮ ಹಬ್ಬಗಳು ಬರುವಾಗ ಅವರಿಗೆ ಕೆಲಸ ಜೋರಾಗಿರುತ್ತದೆ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ವಾರ ಮತ್ತು ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಆ ಕಡೆ ಯಾರೂ ಇರುವುದಿಲ್ಲ. ಹಬ್ಬಕ್ಕೆ ಎರಡು ದಿನ, ಉಳಿದದ್ದು ಆ ಎರಡು ವಾರಗಳಲ್ಲಿ ಅಂತ ಹಂಚಿ ಕೇಳಿದರೆ ಸಿಗುವುದು ಸುಲಭ. ಊರಿಗೆ ಹೋಗಲೇಬೇಕಾದ ದಿನಕ್ಕೂ ಸುಮ್ನೆ ಮನೆಯಲ್ಲಿ ಬಿದ್ದುಕೊಳ್ಳುವ ರಜೆಗೂ ಒಂದೇ ವಾರ ಬೇಕಾಗಿಲ್ಲ, ಅಲ್ವಾ?

ಇನ್ನು ಕೆಲವರು ಇರುತ್ತಾರೆ. ಅವರು ತಾವೇ ವರ್ಷಗಟ್ಟಲೆ ರಜೆ ಹಾಕಿರುವುದಿಲ್ಲ, ಅದನ್ನೇ ದೊಡ್ಡ ಸಾಧನೆ ಅಂದುಕೊಂಡಿರುತ್ತಾರೆ. "ಎಲ್ಲರೂ ಹೀಗೆ ರಜೆ ಹಾಕಿದ್ರೆ ಕೆಲಸ ಮಾಡೋರು ಯಾರು?" ಅನ್ನುವುದು ಇವರ ಮಾಮೂಲಿ ಡೈಲಾಗ್. ಇನ್ನೂ ಕೆಟ್ಟದ್ದು ಅಂದರೆ ಒಬ್ಬರಿಗೆ ಕೇಳಿದಷ್ಟು ಕೊಟ್ಟು ಇನ್ನೊಬ್ಬರಿಗೆ ಮಾತ್ರ ಕೊಡದೇ ಇರುವುದು. ನಿಮ್ಮದು ಯಾವ ಜಾತಿಯ "ಇಲ್ಲ" ಅಂತ ಗೊತ್ತಾಗಬೇಕಾದರೆ ಟೀಮ್‌ನಲ್ಲಿ ಬೇರೆಯವರನ್ನು ವಿಚಾರಿಸಿ. ಎಲ್ಲರಿಗೂ ಇದೇ ಗತಿಯಾದರೆ ನಾಳೆ ಎಲ್ಲರೂ ಒಟ್ಟಿಗೆ ಮಾತಾಡಬಹುದು. ನಿಮಗೊಬ್ಬರಿಗೇ ಆದರೆ ನಿಮ್ಮ ದಾಖಲೆ ಇನ್ನೂ ಗಟ್ಟಿ ಇರಬೇಕು.

ಕೇಳುವ ರೀತಿ

ಟ್ರೈನ್ ಟಿಕೆಟ್ ಬುಕಿಂಗ್ ಈಗ 60 ದಿನ ಮುಂಚೆ ಓಪನ್ ಆಗುತ್ತದೆ. 2024ರ ನವೆಂಬರ್‌ಗೆ ಮೊದಲು 120 ದಿನ ಇತ್ತು. ಹುಬ್ಬಳ್ಳಿ ಕಡೆಯ, ಮಂಗಳೂರು ಕಡೆಯ ಗಾಡಿಗಳಲ್ಲಿ ಹಬ್ಬದ ಟಿಕೆಟ್ ಎಷ್ಟು ಬೇಗ ವೇಟಿಂಗ್ ಲಿಸ್ಟ್‌ಗೆ ಹೋಗುತ್ತದೆ ಅಂತ ಹೇಳಬೇಕಾಗಿಲ್ಲ. ಅದಕ್ಕೂ ಒಂದು ವಾರ ಮುಂಚೆ ನಿಮ್ಮ ರಜೆಯ ಮೇಲ್ ಹೋಗಿರಲಿ. ಟಿಕೆಟ್ ಮೊದಲು ಮಾಡಿ "ಬುಕ್ ಆಗಿಬಿಟ್ಟಿದೆ ಸರ್" ಅನ್ನುವ ಉಪಾಯ ಒಂದು ಸಲ ನಡೆಯುತ್ತದೆ, ಎರಡನೇ ಸಲ ನಡೆಯುವುದಿಲ್ಲ.

ಮೇಲ್ ಹೀಗಿರಲಿ. ಇಂಗ್ಲಿಷ್‌ನಲ್ಲೇ ಬರೆಯಿರಿ, ವಿಷಯ ಇಷ್ಟು:

"ನವೆಂಬರ್ 23 ಸೋಮವಾರದಿಂದ 27 ಶುಕ್ರವಾರದವರೆಗೆ 5 ದಿನ ಇ.ಎಲ್. ಹಾಕಿದ್ದೇನೆ. ಬ್ಯಾಲೆನ್ಸ್ 17 ಇದೆ. ಆ ವಾರ ನನ್ನ ಮೇಲಿರುವ ಕೆಲಸ ಎರಡು. ಬಿಲ್ಲಿಂಗ್ ರಿಪೋರ್ಟ್ ಅನ್ನು 20ರ ಒಳಗೆ ಮುಗಿಸಿ ಕೊಡುತ್ತೇನೆ. ಪ್ರೊಡಕ್ಷನ್ ಸಪೋರ್ಟ್ ನೋಡಿಕೊಳ್ಳಲು ಟೀಮ್‌ನಲ್ಲಿ ಒಬ್ಬರು ಒಪ್ಪಿದ್ದಾರೆ, ಅವರನ್ನೂ ಈ ಮೇಲ್‌ನಲ್ಲಿ ಸೇರಿಸಿದ್ದೇನೆ. ಆ ವಾರ ಕಷ್ಟ ಅಂದರೆ ನವೆಂಬರ್ 30ರಿಂದ ಡಿಸೆಂಬರ್ 4 ಕೂಡ ನನಗೆ ಆಗುತ್ತದೆ. ಟಿಕೆಟ್ ಮಾಡಬೇಕು, ಈ ಶುಕ್ರವಾರದೊಳಗೆ ತಿಳಿಸಿದರೆ ಅನುಕೂಲ."

ಇದರಲ್ಲಿ ಯಾಕೆ ರಜೆ ಅಂತ ಬರೆದಿಲ್ಲ. ಬೇಕಂತಲೇ ಬಿಟ್ಟಿದ್ದು. ಕಾರಣ ಹೇಳಿದ ಕೂಡಲೇ ಅದನ್ನು ತೂಗಿ ನೋಡುವ ಕೆಲಸ ಶುರುವಾಗುತ್ತದೆ. "ಚಿಕ್ಕಪ್ಪನ ಮಗಳ ಮದುವೆಗೆ ಐದು ದಿನ ಯಾಕೆ? ಧಾರೆ ದಿನ ಹೋಗಿ ಬಂದ್ರೆ ಸಾಲದಾ?" ಇ.ಎಲ್. ನಿಮ್ಮ ರಜೆ, ಅದನ್ನು ಹೇಗೆ ಕಳೆಯುತ್ತೀರಿ ಅನ್ನುವುದು ನಿಮಗೆ ಬಿಟ್ಟಿದ್ದು. ಸ್ವಂತ ತಂಗಿ ಮದುವೆ, ಗೃಹಪ್ರವೇಶ, ಅಪ್ಪನ ವರ್ಷಾಬ್ದಿಕದಂಥ ತಾರೀಕು ಬದಲಾಗದ ಕಾರ್ಯ ಇದ್ದರೆ ಮಾತ್ರ ಹೇಳಿ. ಆಗ ಎರಡನೇ ವಾರದ ಸಾಲು ತೆಗೆದು "ಈ ತಾರೀಕು ಬದಲಿಸಲು ಆಗುವುದಿಲ್ಲ" ಅಂತ ಹಾಕಿ. ವರ್ಷಕ್ಕೆ ಒಮ್ಮೆ ಬಳಸಿದರೆ ಆ ಸಾಲಿಗೆ ಬೆಲೆ ಇರುತ್ತದೆ.

ಎರಡನೇ ವಾರದ ಸಾಲು ಯಾಕೆ ಮುಖ್ಯ ಅಂದರೆ, ಒಂದೇ ತಾರೀಕು ಕೊಟ್ಟರೆ "ಆಗಲ್ಲ" ಅಂತ ಒಂದೇ ಮಾತಲ್ಲಿ ಮುಗಿಸಬಹುದು. ಎರಡು ಕೊಟ್ಟಾಗ ಎರಡಕ್ಕೂ ಇಲ್ಲ ಅನ್ನಬೇಕು, ಮತ್ತು ಅದನ್ನು ಬರೆದು ಅನ್ನಬೇಕು. ಸುಮಾರು ಜನರಿಗೆ ಅಲ್ಲೇ ಕೈ ತಡೆಯುತ್ತದೆ.

ಉತ್ತರವೇ ಬರದಿದ್ದರೆ, ಬಾಯಲ್ಲಿ "ಬೇಡ" ಅಂದರೆ

ಪೋರ್ಟಲ್‌ನಲ್ಲಿ ಪೆಂಡಿಂಗ್ ಅಂತ ವಾರಗಟ್ಟಲೆ ಬಿಟ್ಟಿರುವುದು ರಿಜೆಕ್ಟ್ ಮಾಡುವುದಕ್ಕಿಂತ ದೊಡ್ಡ ಕಿರಿಕಿರಿ. ಯಾಕೆಂದರೆ ಕೊನೆಗೆ "ನಾನು ಇಲ್ಲ ಅಂದೇ ಇಲ್ಲವಲ್ಲ" ಅನ್ನಬಹುದು. ಹೇಳಿದ ಶುಕ್ರವಾರ ದಾಟಿದ ಮೇಲೆ ಅದೇ ಮೇಲ್‌ಗೆ ಒಂದು ಸಾಲು ಉತ್ತರ ಹಾಕಿ, ಹೊಸ ಮೇಲ್ ಶುರು ಮಾಡಬೇಡಿ. ಎರಡು ದಿನ ಬಿಟ್ಟು ಇನ್ನೊಂದು. ಮೂರನೆಯದರಲ್ಲಿ ಎಚ್‌ಆರ್ ಅನ್ನು ಸೇರಿಸಬಹುದು, ಆದರೆ ಅದಕ್ಕೆ ಮುಂಚೆ ಮ್ಯಾನೇಜರ್ ಹತ್ತಿರ ಹೋಗಿ "ಪೋರ್ಟಲ್‌ನಲ್ಲಿ ಪೆಂಡಿಂಗ್ ಇದೆ, ಎಚ್‌ಆರ್ ಹತ್ತಿರ ವಿಚಾರಿಸಲಾ?" ಅಂತ ಒಂದು ಮಾತು ಕೇಳಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಎಷ್ಟೋ ರಜೆಗಳು ಈ ಪ್ರಶ್ನೆಗೇ ಅಪ್ರೂವ್ ಆಗುತ್ತವೆ.

ಬಾಯಿ ಮಾತಲ್ಲಿ "ಬೇಡ" ಅಂದರೆ ಸೀಟಿಗೆ ಬಂದ ಕೂಡಲೇ ಹೀಗೆ ಬರೆಯಿರಿ: "ಇವತ್ತು ಮಾತಾಡಿದ ಹಾಗೆ, ನವೆಂಬರ್ 23ರ ವಾರದ ರಜೆ ರಿಲೀಸ್ ಕಾರಣಕ್ಕೆ ಆಗುವುದಿಲ್ಲ ಅಂದಿರಿ. ನಾನು ಸರಿಯಾಗಿ ಅರ್ಥ ಮಾಡಿಕೊಂಡಿದ್ದೇನೆ ಅಂದುಕೊಂಡಿದ್ದೇನೆ. ಹಾಗಾದರೆ ಯಾವ ವಾರ ಹಾಕಲಿ?" ಕೋಪ ಬೇಡ, ವ್ಯಂಗ್ಯ ಬೇಡ, ದೊಡ್ಡ ಅಕ್ಷರ ಬೇಡ. ಆರು ತಿಂಗಳ ನಂತರ ನಿಮಗೆ ಗೊತ್ತಿಲ್ಲದ ಒಬ್ಬರು ಇದನ್ನು ಓದುತ್ತಾರೆ ಅಂದುಕೊಂಡು ಬರೆಯಿರಿ.

ಮೂರು ಸಲ ಆದ ಮೇಲೆ

ಈಗ ಎದುರು ಕೂತು ಮಾತಾಡಬೇಕು. ಸ್ಟ್ಯಾಂಡಪ್‌ನಲ್ಲಿ (ಟೀಮ್‌ನ ದಿನದ ಚಿಕ್ಕ ಮೀಟಿಂಗ್) ಎಲ್ಲರ ಮುಂದೆ ಅಲ್ಲ, ಒಬ್ಬರೇ ಇರುವಾಗ. ರಿಲೀಸ್ ಹಿಂದಿನ ದಿನವೂ ಬೇಡ. ಹೋಗುವಾಗ ಒಂದು ಚೀಟಿಯಲ್ಲಿ ಕೇಳಿದ ತಾರೀಕು, ಬಂದ ಉತ್ತರ, ಕೊಟ್ಟ ಕಾರಣ ಇಷ್ಟು ಬರೆದುಕೊಂಡು ಹೋಗಿ. "ಜೂನ್‌ನಲ್ಲಿ ಕೇಳಿದ್ದೆ, ಆಗಸ್ಟ್‌ನಲ್ಲಿ ಕೇಳಿದ್ದೆ, ಈಗ ಮೂರನೇ ಸಲ. ಮಾರ್ಚ್ ಒಳಗೆ 12 ದಿನ ತಗೊಳ್ಳಲೇಬೇಕು, ಇಲ್ಲದಿದ್ದರೆ ಹೋಗುತ್ತದೆ. ಕ್ಯಾಲೆಂಡರ್ ತೆಗೆಯೋಣ, ಯಾವ ವಾರ ಅಂತ ನೀವೇ ಹೇಳಿ, ಈಗಲೇ ಬ್ಲಾಕ್ ಮಾಡಿಬಿಡೋಣ." ಆಮೇಲೆ ಬಾಯಿ ಮುಚ್ಚಿ ಕೂರಿ. ಅವರೇ ಮಾತಾಡಲಿ. ನಾವು ಆ ಮೌನ ತಡೆಯಲಾರದೆ "ಪರವಾಗಿಲ್ಲ ಬಿಡಿ, ಮುಂದಿನ ತಿಂಗಳು ನೋಡೋಣ" ಅಂದುಬಿಡುತ್ತೇವೆ, ಎಷ್ಟೋ ರಜೆ ಹೋಗುವುದೇ ಅಲ್ಲಿ.

"ಅವರಿಗೆ ಕೊಟ್ಟಿರಿ, ನನಗ್ಯಾಕೆ ಇಲ್ಲ?" ಅನ್ನುವುದನ್ನು ಈ ಮಾತುಕತೆಯಲ್ಲಿ ತರಬೇಡಿ. ಅದು ನಿಜವಿದ್ದರೂ ಮಾತು ಆ ಇನ್ನೊಬ್ಬರ ಮೇಲೆ ಹೋಗುತ್ತದೆ, ನಿಮ್ಮ ರಜೆ ಅಲ್ಲೇ ಉಳಿಯುತ್ತದೆ. ಕೆಲಸ ಬಿಡುತ್ತೇನೆ ಅಂತ ಬೆದರಿಸುವುದೂ ಬೇಡ, ಕೈಯಲ್ಲಿ ಇನ್ನೊಂದು ಆಫರ್ ಇಲ್ಲದಿದ್ದರೆ.

ಎಚ್‌ಆರ್ ಹತ್ತಿರ ಹೋಗುವಾಗ

ಎಚ್‌ಆರ್ ನಿಮ್ಮ ಕಡೆಯವರಲ್ಲ, ಕಂಪನಿ ಕಡೆಯವರು. ಅದು ಗೊತ್ತಿದ್ದೂ ಹೋಗಿ, ಯಾಕೆಂದರೆ ಈ ವಿಷಯದಲ್ಲಿ ಕಂಪನಿಗೂ ಒಂದು ಚಿಂತೆ ಇದೆ. ನೌಕರರ ಖಾತೆಯಲ್ಲಿ ಉಳಿದ ರಜೆ ಕಂಪನಿಯ ಲೆಕ್ಕಪತ್ರದಲ್ಲಿ ಕೊಡಬೇಕಾದ ಸಾಲವಾಗಿ ಕೂತಿರುತ್ತದೆ. ವರ್ಷದ ಕೊನೆಗೆ "ದಯವಿಟ್ಟು ನಿಮ್ಮ ರಜೆ ಬಳಸಿ" ಅಂತ ಎಲ್ಲರಿಗೂ ಬರುವ ಮೇಲ್ ಪ್ರೀತಿಯಿಂದ ಬರುವುದಲ್ಲ. ಆ ಮೇಲ್‌ಗೇ ಉತ್ತರ ಬರೆಯಿರಿ: "ಬಳಸಲು ಪ್ರಯತ್ನಿಸಿದೆ, ಈ ತಾರೀಕುಗಳಲ್ಲಿ ಕೇಳಿದೆ, ಆಗಲಿಲ್ಲ. ಹೇಗೆ ಮುಂದುವರಿಯಲಿ? ಆಗದಿದ್ದರೆ ಈ ದಿನಗಳು ಲ್ಯಾಪ್ಸ್ ಆಗದೆ ಮುಂದಿನ ವರ್ಷಕ್ಕೆ ಹೋಗುತ್ತವೆ ಅಂತ ಖಚಿತಪಡಿಸುತ್ತೀರಾ?" ಮ್ಯಾನೇಜರ್ ಕೆಟ್ಟವರು ಅಂತ ಒಂದು ಪದವೂ ಬೇಡ.

ಅದಾಗದಿದ್ದರೆ ಮ್ಯಾನೇಜರ್‌ನ ಮ್ಯಾನೇಜರ್. ಇಲ್ಲೂ ದೂರಿನ ದನಿ ಬೇಡ, ಸಲಹೆ ಕೇಳುವ ದನಿ ಇರಲಿ. 20 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು, ಅದರಲ್ಲಿ ಕಂಪನಿಯವರು ಎಷ್ಟೋ ನೌಕರರ ಕಡೆಯವರೂ ಅಷ್ಟೇ ಇರಬೇಕು ಅಂತ ಕಾನೂನಿದೆ. ನಿಮ್ಮಲ್ಲಿ ಇದೆಯಾ ಅಂತ ಎಚ್‌ಆರ್‌ಗೆ ಬರೆದು ಕೇಳಿ. ಕೇಳಿದ್ದಕ್ಕೇ ಅರ್ಧ ಕೆಲಸ ಆಗುವುದುಂಟು.

ಹೊರಗೆ ಹೋಗಲೇಬೇಕಾದರೆ ಕಾರ್ಮಿಕ ಇಲಾಖೆ ಇದೆ. ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ, ಜಿಲ್ಲೆಗಳಲ್ಲಿ ಕಾರ್ಮಿಕ ಅಧಿಕಾರಿ ಕಚೇರಿ. ಐಟಿಯವರಿಗೆ 2017ರಲ್ಲಿ ಶುರುವಾದ ಕರ್ನಾಟಕ ರಾಜ್ಯ ಐಟಿ, ಐಟಿಇಎಸ್ ನೌಕರರ ಸಂಘ ಇದೆ. ಅದನ್ನು ಎಲ್ಲರೂ ಕೀಟು ಅನ್ನುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಒಂದೇ ಒಂದು ವಾರದ ರಜೆಗೋಸ್ಕರ ಒಬ್ಬರೇ ಇಲ್ಲಿಗೆ ಹೋಗುವುದು ದುಬಾರಿ. ಟೀಮ್‌ಗೆ ಟೀಮೇ ವರ್ಷಗಟ್ಟಲೆ ರಜೆ ಕಳೆದುಕೊಳ್ಳುತ್ತಿದ್ದರೆ, ಅಥವಾ ಉಳಿದ ರಜೆಗೆ ದುಡ್ಡೂ ಕೊಡುತ್ತಿಲ್ಲ ಅಂದರೆ ಖಂಡಿತ ಹೋಗಿ.

ಕಾರ್ಖಾನೆ, ಗಾರ್ಮೆಂಟ್ಸ್, ಅಂಗಡಿಗಳಲ್ಲಿ ದುಡಿಯುವವರಿಗೆ

ಪೀಣ್ಯದಲ್ಲೋ ಮೈಸೂರು ರಸ್ತೆಯಲ್ಲೋ ಲೈನ್‌ನಲ್ಲಿ ಕೂತವರಿಗೆ ಪೋರ್ಟಲ್ ಇಲ್ಲ, ಮೇಲ್ ಇಲ್ಲ, ಸೂಪರ್‌ವೈಸರ್ ಬಾಯೇ ಎಲ್ಲ. ಅರ್ಜಿಯನ್ನು ಕೈಬರಹದಲ್ಲಿ ಎರಡು ಪ್ರತಿ ಬರೆಯಿರಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ತಾರೀಕು ಹಾಕಿಸಿ ಸಹಿ ಮಾಡಿಸಿಕೊಳ್ಳಿ. ಸಹಿ ಮಾಡಲ್ಲ ಅಂದರೆ ಅರ್ಜಿಯ ಫೋಟೋ ತೆಗೆದು ಸೂಪರ್‌ವೈಸರ್‌ಗೆ ವಾಟ್ಸಾಪ್ ಮಾಡಿ, ಅದೂ ಆಗದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾರ್ಡ್ ಇದ್ದವರು ಹುಷಾರಿಲ್ಲದಾಗ ಇಎಸ್‌ಐ ಡಾಕ್ಟರ್ ಸರ್ಟಿಫಿಕೇಟ್ ತಗೊಳ್ಳಿ. ವರ್ಷಕ್ಕೆ 91 ದಿನದವರೆಗೆ ಸಂಬಳದ ನೂರಕ್ಕೆ 70ರಷ್ಟು ಅಲ್ಲಿಂದ ಬರುತ್ತದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಮತ್ತು ಹಬ್ಬದ ರಜೆಗಳು ಬೇರೆಯೇ. ಅವನ್ನು ನಿಮ್ಮ ಗಳಿಕೆ ರಜೆಯಲ್ಲಿ ಕಳೆಯುವ ಹಾಗಿಲ್ಲ. ಆ ದಿನ ಕೆಲಸಕ್ಕೆ ಕರೆದರೆ ಎರಡರಷ್ಟು ಸಂಬಳ ಕೊಡಬೇಕು, ಇಲ್ಲವೇ ಆ ದಿನದ ಸಂಬಳದ ಜೊತೆ ಬದಲಿ ರಜೆ ಕೊಡಬೇಕು.

ಇದನ್ನು ಮಾತ್ರ ಮಾಡಬೇಡಿ

ರಿಜೆಕ್ಟ್ ಆದ ರಜೆಗೆ ಹಾಗೇ ಹೋಗಿಬಿಡಬೇಡಿ. ಅಷ್ಟು ದಿನ ತಪ್ಪು ಅವರದ್ದಾಗಿತ್ತು, ನೀವು ಹೇಳದೆ ಹೋದ ದಿನದಿಂದ ತಪ್ಪು ನಿಮ್ಮದಾಗುತ್ತದೆ. ಮೊದಲು ಲಾಸ್ ಆಫ್ ಪೇ, ಆಮೇಲೆ ಕಾರಣ ಕೇಳುವ ಶೋಕಾಸ್ ನೋಟಿಸ್, ದಿನ ಜಾಸ್ತಿಯಾದರೆ ಅಬ್‌ಸ್ಕಾಂಡಿಂಗ್ (ಹೇಳದೆ ಕೆಲಸ ಬಿಟ್ಟು ಹೋದವರು) ಅಂತ ಲೆಟರ್. ಮುಂದಿನ ಕಂಪನಿಯ ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ಅದು ಕಾಣಿಸುತ್ತದೆ. ಬದುಕಿರುವ ಅಜ್ಜಿಯನ್ನು ಸಾಯಿಸುವುದೂ ಬೇಡ. ಯಾರೋ ಸಹೋದ್ಯೋಗಿ ನಿಮ್ಮ ಗೋಕರ್ಣದ ಇನ್‌ಸ್ಟಾಗ್ರಾಂ ಸ್ಟೋರಿ ನೋಡುತ್ತಾರೆ.

ಆದರೆ ನಿಜವಾದ ತುರ್ತು ಬಂದಾಗ ಅನುಮತಿ ಕೇಳುತ್ತಾ ನಿಲ್ಲಬೇಡಿ. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದಾರೆ ಅಂತ ಫೋನ್ ಬಂದರೆ ಹೊರಡಿ. ಬಸ್ಸಿನಲ್ಲಿ ಕೂತು ಮೆಸೇಜ್ ಮಾಡಿ, "ಹೋಗಬಹುದಾ?" ಅಂತ ಅಲ್ಲ, "ಹೋಗುತ್ತಿದ್ದೇನೆ, ನಾಳೆ ಸಂಜೆ ಪರಿಸ್ಥಿತಿ ತಿಳಿಸುತ್ತೇನೆ" ಅಂತ. ಡಿಸ್ಚಾರ್ಜ್ ಚೀಟಿಯ ಫೋಟೋ ಇಟ್ಟುಕೊಳ್ಳಿ. ನಿಮಗೇ ಜ್ವರ ಬಂದಾಗಲೂ ಅಷ್ಟೇ. ಹೆರಿಗೆ ರಜೆ ಅಂತೂ ಮ್ಯಾನೇಜರ್ ಅಪ್ರೂವ್ ಮಾಡುವ ವಿಷಯವೇ ಅಲ್ಲ. ಮೊದಲ ಎರಡು ಮಕ್ಕಳಿಗೆ 26 ವಾರ, ಅದು ಕಾನೂನು.

ಇಷ್ಟೆಲ್ಲ ಆದ ಮೇಲೂ ವರ್ಷವಿಡೀ ಒಂದು ವಾರ ಸಿಗಲಿಲ್ಲ ಅಂದರೆ ಬೇರೆ ಟೀಮ್ ಅಥವಾ ಬೇರೆ ಕಂಪನಿ ಹುಡುಕುವ ಸಮಯ ಬಂದಿದೆ. ರಾಜೀನಾಮೆ ಕೊಡುವ ಮೊದಲೇ ರಜೆ ತಗೊಳ್ಳಿ, ನೋಟಿಸ್ ಪೀರಿಯಡ್‌ನಲ್ಲಿ ರಜೆ ಕೊಡುವುದಿಲ್ಲ ಅಂತ ಬಹಳಷ್ಟು ಪಾಲಿಸಿಗಳಲ್ಲಿ ಇರುತ್ತದೆ. ಉಳಿದ ಇ.ಎಲ್.ಗೆ ಫುಲ್ ಆಂಡ್ ಫೈನಲ್‌ನಲ್ಲಿ (ಕೆಲಸ ಬಿಡುವಾಗಿನ ಕೊನೆಯ ಲೆಕ್ಕ) ದುಡ್ಡು ಬರಬೇಕು. ಆ ಶೀಟ್ ಕೈಗೆ ಬಂದಾಗ ಎಷ್ಟು ದಿನ ಹಾಕಿದ್ದಾರೆ, ಬೇಸಿಕ್ ಮೇಲೆ ಹಾಕಿದ್ದಾರಾ ಇನ್ನೇನಾದರೂ ಸೇರಿಸಿದ್ದಾರಾ, ರಿಜೆಕ್ಟ್ ಆಗಿ ಲ್ಯಾಪ್ಸ್ ಅಂತ ತೋರಿಸಿದ ದಿನಗಳು ಬಂದಿವೆಯಾ ಅಂತ ಸಾಲು ಸಾಲಾಗಿ ನೋಡಿ. ಬಂದಿಲ್ಲದಿದ್ದರೆ ರಿಜೆಕ್ಟ್ ಆದ ಮೇಲ್‌ಗಳನ್ನು ಜೊತೆಗಿಟ್ಟು ಪೇರೋಲ್‌ನವರಿಗೆ ಬರೆಯಿರಿ. ಸರಿಯಾಗಿ ಲೆಕ್ಕ ಮಾಡಿಕೊಡುವವರೆಗೆ ನೋ ಡ್ಯೂಸ್ (ಬಾಕಿ ಏನೂ ಇಲ್ಲ ಅನ್ನುವ) ಪತ್ರಕ್ಕೆ ಸಹಿ ಹಾಕಬೇಡಿ.